ನಗರಕವಿ ಅಂತ ಒಬ್ಬರನ್ನು ನೇಮಿಸಿದರೆ ಅವರ ಕೆಲಸ ಏನು?

ತುದಿಬೆಂಚು
ಎಲ್ಲರಿಗೂ ನಮಸ್ಕಾರ. ಒಂದು ನಗರಾಡಳಿತ ಎರಡು ವರ್ಷಕ್ಕೆ ಒಬ್ಬ ಅಧಿಕೃತ 'ನಗರಕವಿ'ಯನ್ನು ನೇಮಿಸಲು ಹೊರಟಿದೆ. ನಿಯಮ ಬರೆಯುವ ಚಿಕ್ಕ ಸಮಿತಿಯಲ್ಲಿ ನಾನೂ ಇದ್ದೇನೆ. ಯಾವ ನಗರ ಅನ್ನುವುದು ಈಗ ಬೇಡ. ಯಾವ ನಗರವಾದರೂ ಪ್ರಶ್ನೆ ಅದೇ.

ಕರಡಿನಲ್ಲಿ ಸದ್ಯಕ್ಕೆ ಮೂರು ಮಾತಿವೆ. ವರ್ಷಕ್ಕೆ ಆರು ಕವಿತೆ ಬರೆಯಬೇಕು. ಮುಖ್ಯ ಸಮಾರಂಭಗಳಲ್ಲಿ ಓದಬೇಕು. 'ನಗರದ ಗೌರವಕ್ಕೆ ಕುಂದು ತರುವ' ಏನನ್ನೂ ಬರೆಯಬಾರದು.

ಆ ಮೂರನೇ ಸಾಲು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಸಭೆಯಲ್ಲಿ ಹೇಳಿದೆ. 'ಇದು ಎಲ್ಲ ಕರಾರಿನಲ್ಲೂ ಇರುವ ಸಾಲು, ಯಾರೂ ಓದುವುದೂ ಇಲ್ಲ' ಅಂದರು. ಮೊದಲ ಎರಡರ ಬಗ್ಗೆಯೂ ಅನುಮಾನ ಇದೆ. ಸಮಾರಂಭಕ್ಕೆ ಬಂದು ಓದಿ ಹೋಗುವುದಕ್ಕೆ ಒಂದು ಹುದ್ದೆ ಬೇಕಾ? ಬೇರೆ ಕಡೆ ಹೇಗೆ ನಡೆದಿದೆ, ಎಲ್ಲಿ ಎಡವಿದ್ದಾರೆ, ತಿಳಿದವರು ಹೇಳಿ. ಮುಂದಿನ ಸಭೆಗೆ ಮುಂಚೆ ಹೊಸ ಕರಡು ಕೊಡಬೇಕು.

ಲೆಕ್ಕಿಗ
ಹುದ್ದೆಯೇ ಬೇಡ. ಆ ದುಡ್ಡನ್ನು ಗ್ರಂಥಾಲಯಕ್ಕೆ ಕೊಡಿ. ಕವಿ ಬರೆಯುವವನೇ ಆದರೆ ಹುದ್ದೆ ಇಲ್ಲದೆಯೂ ಬರೆಯುತ್ತಾನೆ.

ಮಳೆಹನಿ
ಮೊದಲ ಉತ್ತರವೇ ಇದಾ! ಗ್ರಂಥಾಲಯ ಬೇಕು, ಕವಿಯೂ ಬೇಕು. ಒಂದಕ್ಕೆ ಇನ್ನೊಂದನ್ನು ಯಾಕೆ ಎದುರು ನಿಲ್ಲಿಸಬೇಕು?

ಹಳೇಪುಟ
ತುದಿಬೆಂಚು ಅವರೇ, ನಿಮ್ಮ ಮೂರನೇ ಸಾಲನ್ನು ಓದಿದ ಕವಿ ಒಬ್ಬರಿದ್ದಾರೆ. ಹಾಗಾಗಿ 'ಯಾರೂ ಓದುವುದಿಲ್ಲ' ಅನ್ನುವುದು ತಪ್ಪು.

ಕೆನಡಾದ ವ್ಯಾಂಕೂವರ್‌ನಲ್ಲಿ 2010ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಆಗ ಅಲ್ಲಿನ ನಗರಕವಿ ಬ್ರಾಡ್ ಕ್ರಾನ್. ಕ್ರೀಡಾಕೂಟದ ಜೊತೆಗಿದ್ದ ಕಲಾ ಉತ್ಸವದಲ್ಲಿ ಅವರು ಭಾಗವಹಿಸಲಿಲ್ಲ. ಕಾರಣ, ಕಲಾವಿದರ ಕರಾರಿನಲ್ಲಿದ್ದ ಒಂದು ಷರತ್ತು. ಒಲಿಂಪಿಕ್ಸ್ ಬಗ್ಗೆ, ಅದರ ಪ್ರಾಯೋಜಕರ ಬಗ್ಗೆ ಕೆಟ್ಟದಾಗಿ ಮಾತಾಡಬಾರದು ಅಂತ ಅದರಲ್ಲಿತ್ತು. ಇಡೀ ಜಗತ್ತು ಆ ನಗರದ ಕಡೆ ನೋಡುತ್ತಿದ್ದ ದಿನಗಳಲ್ಲೇ ನಗರದ ಕವಿ ವೇದಿಕೆಯಿಂದ ಹೊರಗೆ ಉಳಿದರು. ಒಂದು ಸಾಲಿನ ಷರತ್ತಿಗೆ ಇಷ್ಟು ಬೆಲೆ ಕೊಡಬೇಕಾಗುತ್ತದೆ ಅಂತ ನಿಮ್ಮ ಸಮಿತಿಗೆ ಹೇಳಿ.

ತುದಿಬೆಂಚು
@ಹಳೇಪುಟ ಇದನ್ನು ಖಂಡಿತ ಹೇಳುತ್ತೇನೆ. ನನಗೆ ಇಂಥದ್ದೇ ಬೇಕಿತ್ತು.

ಖಾಲಿಹಾಳೆ
ಹೆಸರಿನ ಬಗ್ಗೆ ಒಂದು ಮಾತು. ಪತ್ರಿಕೆಗಳಲ್ಲಿ ಇದನ್ನು 'ಆಸ್ಥಾನಕವಿ' ಅಂತ ಬರೆಯುತ್ತಾರೆ. ಅದು ಬೇಡ. ಆಸ್ಥಾನ ಅಂದ ತಕ್ಷಣ ಎದುರಿಗೆ ಒಬ್ಬ ರಾಜ ಕೂತಿರುತ್ತಾನೆ. 'ನಗರಕವಿ' ಚೆನ್ನಾಗಿದೆ. ಅದನ್ನೇ ಉಳಿಸಿಕೊಳ್ಳಿ.

ಪ್ರಾಸಪ್ರಿಯ
ಆಸ್ಥಾನಕವಿ ಅಂದರೆ ಅಷ್ಟು ಹಗುರ ಮಾಡಬೇಡಿ. ಪಂಪ ಯಾರು? ಅರಿಕೇಸರಿಯ ಆಸ್ಥಾನದಲ್ಲಿದ್ದವನು. ಅರಿಕೇಸರಿಯನ್ನೇ ಅರ್ಜುನನಿಗೆ ಹೋಲಿಸಿ ಕಾವ್ಯ ಬರೆದ. ಹೊಗಳಿಕೆಗೆ ಬರೆದದ್ದು ಅಂತ ಯಾರಾದರೂ ಅದನ್ನು ಬದಿಗಿಟ್ಟಿದ್ದಾರಾ? ಸಾವಿರ ವರ್ಷ ದಾಟಿದೆ, ಇನ್ನೂ ಓದುತ್ತಿದ್ದೇವೆ.

ಖಾಲಿಹಾಳೆ
ಓದುತ್ತಿರುವುದು ಕರ್ಣನಿಗೋಸ್ಕರ ಅಲ್ವಾ? ಆ ಕಾವ್ಯದಲ್ಲಿ ನಮ್ಮ ಮನಸ್ಸಿನಲ್ಲಿ ಉಳಿಯುವವನು ಅರಿಕೇಸರಿ ಅಲ್ಲ. ರಾಜನಿಗೆ ಅರ್ಜುನನ ಪಟ್ಟ ಕೊಟ್ಟ ಪಂಪ ಎದುರು ಪಕ್ಷದ ಕರ್ಣನಿಗೆ ತನ್ನ ಪ್ರೀತಿ ಕೊಟ್ಟ. ಅಷ್ಟು ದೊಡ್ಡ ಕವಿಗೆ ಆಸ್ಥಾನದ ಒಳಗೂ ಒಂದು ಕಿಟಕಿ ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ. ಮನುಷ್ಯರನ್ನು ಹೊಗಳಿ ಬರೆಯುವುದೇ ಇಲ್ಲ ಅಂತ ನಿಂತ ಹರಿಹರನೂ ನಮ್ಮವನೇ.

ಪ್ರಾಸಪ್ರಿಯ
ಕರ್ಣನ ಮಾತು ಒಪ್ಪಿದೆ. ಆದರೂ ಆಸರೆ ಇಲ್ಲದಿದ್ದರೆ ಪಂಪ ಅಷ್ಟು ಬರೆಯುತ್ತಿದ್ದನಾ ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಸಂಜೆಮೇಷ್ಟ್ರು
ನಮಗೆ ಹತ್ತಿರದ ಹೋಲಿಕೆ ಅಂದರೆ 'ರಾಷ್ಟ್ರಕವಿ'. 1949ರಲ್ಲಿ ಗೋವಿಂದ ಪೈ, 1964ರಲ್ಲಿ ಕುವೆಂಪು, 2006ರಲ್ಲಿ ಜಿ.ಎಸ್. ಶಿವರುದ್ರಪ್ಪ. ಆದರೆ ಅದು ಬಿರುದು. ಜೀವನಪೂರ್ತಿ ಇರುತ್ತದೆ, ಅದರ ಜೊತೆ ಇಂಥ ಕೆಲಸ ಮಾಡಿ ಅಂತ ಯಾರೂ ಹೇಳುವುದಿಲ್ಲ. ಬರೆದು ಮುಗಿಸಿದ್ದಕ್ಕೆ ಕೊಡುವ ಗೌರವ ಅದು. ನಗರಕವಿ ಹಾಗಲ್ಲ, ಮುಂದೆ ಮಾಡಬೇಕಾದ ಕೆಲಸಕ್ಕೆ ಕೊಡುವ ಹುದ್ದೆ. ಈ ಎರಡನ್ನೂ ಕಲಸಿಬಿಟ್ಟರೆ ಸಮಿತಿಯವರು ಊರಿನ ಅತಿ ಹಿರಿಯ ಕವಿಯನ್ನು ಹುಡುಕಿ ಶಾಲು ಹೊದಿಸಿ ಕಳಿಸುತ್ತಾರೆ. ಅವರಿಗೆ ಶಾಲು ಖಂಡಿತ ಸಲ್ಲಬೇಕು. ಆದರೆ ಎರಡು ವರ್ಷ ಓಡಾಡಿ ಮಾಡುವ ಕೆಲಸಕ್ಕೆ ಬೇರೆಯವರು ಬೇಕು.

ತುದಿಬೆಂಚು
@ಸಂಜೆಮೇಷ್ಟ್ರು ನಮ್ಮಲ್ಲಿ ಈಗ ನಡೆಯುತ್ತಿರುವುದು ಅದೇ. ಬಂದ ಮೂರೂ ಹೆಸರು ಎಪ್ಪತ್ತೈದು ದಾಟಿದವರದು.

ಮಳೆಹನಿ
ವಯಸ್ಸಿಗೂ ಇದಕ್ಕೂ ಸಂಬಂಧ ಹಾಕಬೇಡಿ ಪ್ಲೀಸ್. ಸ್ಯಾನ್ ಫ್ರಾನ್ಸಿಸ್ಕೋ 1998ರಲ್ಲಿ ತನ್ನ ಮೊದಲ ನಗರಕವಿಯಾಗಿ ಲಾರೆನ್ಸ್ ಫೆರ್ಲಿಂಗೆಟ್ಟಿಯನ್ನು ಆರಿಸಿದಾಗ ಅವರಿಗೆ 79. ಗ್ಲಾಸ್ಗೋದ ಮೊದಲ ನಗರಕವಿ ಎಡ್ವಿನ್ ಮಾರ್ಗನ್ 1999ರಲ್ಲಿ ನೇಮಕವಾದಾಗಲೂ 79. ಇಬ್ಬರೂ ಸುಮ್ನೆ ಕೂತವರಲ್ಲ.

ಹಳೇಪುಟ
ಮಾರ್ಗನ್ ಹೆಸರು ಬಂದದ್ದು ಒಳ್ಳೆಯದಾಯಿತು. ಸಮಾರಂಭದ ಕವಿತೆ ಅಂದರೆ ಹೊಗಳಿಕೆ ಅಂತ ಎಲ್ಲರೂ ಅಂದುಕೊಂಡಿದ್ದೇವೆ. 2004ರ ಅಕ್ಟೋಬರ್‌ನಲ್ಲಿ ಸ್ಕಾಟ್‌ಲ್ಯಾಂಡಿನ ಹೊಸ ಸಂಸತ್ ಭವನ ತೆರೆದಾಗ ಅದಕ್ಕೆ ಕವಿತೆ ಬರೆದದ್ದು ಮಾರ್ಗನ್. ಆ ಹೊತ್ತಿಗೆ ಇಡೀ ಸ್ಕಾಟ್‌ಲ್ಯಾಂಡಿನ ಕವಿ ಅನ್ನುವ ಹುದ್ದೆಯೂ ಅವರಿಗೆ ಬಂದಿತ್ತು. ಕಾಯಿಲೆ ಜಾಸ್ತಿಯಾಗಿ ಬರಲಾಗಲಿಲ್ಲ, ಲಿಜ್ ಲೋಕ್‌ಹೆಡ್ ಓದಿದರು. ಕಟ್ಟಡದ ಬಾಗಿಲು ತೆರೆಯಿರಿ, ಬೆಳಕು ಒಳಗೆ ಬರಲಿ ಅಂತ ಕವಿತೆ ಶುರುವಾಗುತ್ತದೆ. ಆಮೇಲೆ ಎದುರಿಗೆ ಕೂತ ಸದಸ್ಯರ ಕಡೆ ತಿರುಗುತ್ತದೆ. ಜನಕ್ಕೆ ಇಲ್ಲಿ ಏನು ಬೇಕು, ಏನು ಬೇಡ ಅಂತ ಹೇಳುತ್ತದೆ. ಪುಕ್ಕಲರ ಗೂಡು ಬೇಡ ಅನ್ನುವ ಅರ್ಥದ ಮಾತೂ ಅದರಲ್ಲಿದೆ. ರಾಣಿಯವರೂ ಅಲ್ಲಿದ್ದರು. ಯಾರೂ ಎದ್ದು ಹೋಗಲಿಲ್ಲ.

ಸಮಾರಂಭ ಕವಿಯನ್ನು ಕಟ್ಟಿಹಾಕಲೇಬೇಕು ಅಂತೇನಿಲ್ಲ. ಕರೆದವರಿಗೆ ಕೇಳಿಸಿಕೊಳ್ಳುವ ಧೈರ್ಯ ಇರಬೇಕು.

ನೀಲಿಶಾಯಿ
ನಾನು ಸ್ವಲ್ಪ ಬರೆಯುತ್ತೇನೆ. ಒಂದು ಸಲ ಇಂಥ ಸಮಾರಂಭಕ್ಕೆ ಬರೆದು ಓದಿದ್ದೇನೆ. ಅದರ ಕಥೆ ಹೇಳುತ್ತೇನೆ, ಕರಡಿಗೆ ಉಪಯೋಗ ಆಗಬಹುದು.

ಒಂದು ಸಾರ್ವಜನಿಕ ಕಟ್ಟಡದ ಉದ್ಘಾಟನೆ. ಒಂದು ತಿಂಗಳು ಮುಂಚೆ ಕೇಳಿದರು. ನಾನು ಆ ಜಾಗಕ್ಕೆ ನಾಲ್ಕು ಸಲ ಹೋದೆ. ಮೊದಲು ಅಲ್ಲಿದ್ದ ಹಳೇ ಕಟ್ಟಡದಲ್ಲಿ ಕೆಲಸ ಮಾಡಿದವರ ಜೊತೆ ಮಾತಾಡಿದೆ. ಮೂವತ್ತಾರು ಸಾಲು ಬರೆದೆ. ಆ ದಿನ ಭಾಷಣಗಳು ಉದ್ದವಾದವು. ನನ್ನ ಸರದಿ ಬರುವ ಹೊತ್ತಿಗೆ ಒಬ್ಬರು ಬಂದು 'ಎಂಟು ಸಾಲು ಓದಿ ಸಾಕು, ಕೊನೆಯ ಎಂಟು' ಅಂದರು. ಕೊನೆಯ ಎಂಟಕ್ಕೆ ಮೊದಲಿನ ಇಪ್ಪತ್ತೆಂಟು ಇಲ್ಲದೆ ಅರ್ಥವೇ ಇಲ್ಲ. ಓದಿದೆ. ಚಪ್ಪಾಳೆ ಬಂತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಹಳೇ ಕಟ್ಟಡದಲ್ಲಿ ನಲವತ್ತು ವರ್ಷ ಕಸ ಗುಡಿಸಿದ ಒಬ್ಬ ಹೆಂಗಸಿನ ಮಾತು ಆ ಇಪ್ಪತ್ತೆಂಟು ಸಾಲಿನಲ್ಲಿತ್ತು. ಆಕೆ ಮೂರನೇ ಸಾಲಿನಲ್ಲಿ ಕೂತಿದ್ದರು.

ಆದ್ದರಿಂದ ನಿಯಮದಲ್ಲಿ ಒಂದು ಮಾತು ಬರೆಯಿರಿ. ಕವಿ ಕೊಟ್ಟ ಕವಿತೆಯನ್ನು ಪೂರ್ತಿ ಓದಲು ಬಿಡಬೇಕು. ಕತ್ತರಿಸುವುದಾದರೆ ಕವಿಯೇ ಕತ್ತರಿಸಬೇಕು.

ಬೀದಿದೀಪ
ಇದನ್ನು ಓದಿ ತುಂಬಾ ಬೇಜಾರಾಯಿತು. ಆಮೇಲಾದರೂ ಆಕೆಗೆ ಪೂರ್ತಿ ಕವಿತೆ ಓದಿ ಹೇಳಿದಿರಾ?

ನೀಲಿಶಾಯಿ
@ಬೀದಿದೀಪ ಹೇಳಿದೆ. ಎರಡು ದಿನ ಬಿಟ್ಟು ಅವರ ಮನೆಗೆ ಹೋಗಿ ಓದಿದೆ. ಒಂದು ಕಡೆ ನಿಲ್ಲಿಸಿ 'ಅದು ನಲವತ್ತಲ್ಲ, ನಲವತ್ತೊಂದು' ಅಂತ ತಿದ್ದಿದರು.

ಲೆಕ್ಕಿಗ
ನೀಲಿಶಾಯಿ ಅವರ ಕಥೆಯಿಂದ ನನ್ನ ಮಾತೇ ಗಟ್ಟಿಯಾಯಿತು. ಹುದ್ದೆ ಬೇಡ. ವೇದಿಕೆಯಲ್ಲಿ ಆಗದ್ದು ಮನೆಯಲ್ಲಿ ಆಯಿತು. ಇನ್ನೊಂದು ಉದಾಹರಣೆ. 2017ರ ಮೇ 22ರಂದು ಮ್ಯಾಂಚೆಸ್ಟರ್‌ನ ಸಂಗೀತ ಕಾರ್ಯಕ್ರಮದಲ್ಲಿ ಬಾಂಬ್ ಸಿಡಿದು 22 ಜನ ಸತ್ತರು. ಮಾರನೇ ದಿನ ಆಲ್ಬರ್ಟ್ ಚೌಕದಲ್ಲಿ ಸಾವಿರಾರು ಜನ ಸೇರಿದಾಗ ಟೋನಿ ವಾಲ್ಶ್ ಎನ್ನುವ ಕವಿ ನಿಂತು ಓದಿದರು. ಕವಿತೆ ಹೊಸದಲ್ಲ, ಕೆಲವು ವರ್ಷ ಹಿಂದೆ ಒಂದು ದತ್ತಿ ಸಂಸ್ಥೆಗೆ ಬರೆದುಕೊಟ್ಟದ್ದು. ಅವರು ನಗರ ನೇಮಿಸಿದ ಕವಿ ಅಲ್ಲವೇ ಅಲ್ಲ. ಅಳುತ್ತಿದ್ದ ಜನ ಕೇಳುತ್ತಾ ನಕ್ಕರು, ಚಪ್ಪಾಳೆ ಹೊಡೆದರು. ಊರಿಗೆ ಕವಿ ಬೇಕಾದ ದಿನ ಕವಿ ತಾನಾಗಿಯೇ ಸಿಗುತ್ತಾನೆ.

ಮಳೆಹನಿ
ಒಂದು ದೊಡ್ಡ ದಿನಕ್ಕೆ ಸಿಗುತ್ತಾನೆ. ಉಳಿದ 364 ದಿನ?

ಲೆಕ್ಕಿಗ
ಉಳಿದ ದಿನ ನಗರಕ್ಕೆ ಕವಿಯಿಂದ ಏನು ಬೇಕು ಅಂತ ಯಾರಾದರೂ ಹೇಳಿ. ನಾನು ಕೇಳುತ್ತಿರುವುದೂ ಅದೇ.

ಬೀದಿದೀಪ
ನಾನು ಹೇಳುತ್ತೇನೆ. ಇದು ನನಗೆ ತುಂಬಾ ಮುಖ್ಯವಾದ ವಿಷಯ, ಉದ್ದವಾದರೆ ಕ್ಷಮಿಸಿ.

ನೆದರ್‌ಲ್ಯಾಂಡ್ಸ್‌ನಲ್ಲಿ ಗ್ರೋನಿಂಗೆನ್ ಅಂತ ಒಂದು ನಗರ. ಅಲ್ಲಿನ ಮೊದಲ ನಗರಕವಿ ಬಾರ್ಟ್ ಎಫ್‌ಎಂ ಡ್ರೋಗ್. ಅವರು ಒಂದು ಕೆಲಸ ಶುರು ಮಾಡಿದರು. ಊರಿನಲ್ಲಿ ಯಾರಾದರೂ ಒಂಟಿಯಾಗಿ ಸತ್ತು, ಅಂತ್ಯಕ್ರಿಯೆಗೆ ಬರಲು ನೆಂಟರು, ಸ್ನೇಹಿತರು ಯಾರೂ ಇಲ್ಲದಿದ್ದರೆ, ಒಬ್ಬ ಕವಿ ಹೋಗಬೇಕು. ಆ ವ್ಯಕ್ತಿಗೋಸ್ಕರ ಬರೆದ ಕವಿತೆಯನ್ನು ಅಲ್ಲಿ ಓದಬೇಕು. ಇದನ್ನು 'ಒಂಟಿ ಅಂತ್ಯಕ್ರಿಯೆ' ಅಂತ ಕರೆಯುತ್ತಾರೆ. 2002ರಲ್ಲಿ ಎಫ್. ಸ್ಟಾರಿಕ್ ಎನ್ನುವ ಕವಿ ಇದನ್ನು ಆಮ್‌ಸ್ಟರ್‌ಡ್ಯಾಮ್‌ಗೆ ತಂದರು. ಆಮೇಲೆ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲೂ ಶುರುವಾಯಿತು.

ಹೇಗೆ ನಡೆಯುತ್ತದೆ ಅಂದರೆ, ನಗರದ ಕಚೇರಿಯವರು ಸತ್ತವರ ಬಗ್ಗೆ ತಮಗೆ ಗೊತ್ತಿರುವ ಅಷ್ಟಿಷ್ಟನ್ನು ಕವಿಗೆ ಹೇಳುತ್ತಾರೆ. ಕೆಲವು ಸಲ ಹೆಸರು ಮತ್ತು ಹುಟ್ಟಿದ ದಿನ ಮಾತ್ರ. ಕೆಲವು ಸಲ ಹೆಸರೂ ಇರುವುದಿಲ್ಲ. ಮನೆಯಲ್ಲಿ ಏನೇನು ಸಿಕ್ಕಿತು ಅಂತ ಗೊತ್ತಾದರೆ ಅದೇ ದೊಡ್ಡದು. ಕವಿ ಅಷ್ಟರಲ್ಲೇ ಬರೆಯಬೇಕು. ಸುಳ್ಳು ಕಟ್ಟುವ ಹಾಗಿಲ್ಲ. ನಿನ್ನ ಬಗ್ಗೆ ನನಗೆ ಇಷ್ಟೇ ಗೊತ್ತು ಅಂತ ಒಪ್ಪಿಕೊಂಡು ಬರೆಯಬೇಕು. ಕೇಳಲು ಅಲ್ಲಿ ಇರುವವರು ಕಚೇರಿಯ ಒಬ್ಬರು, ಶವಪೆಟ್ಟಿಗೆ ಹೊರುವವರು, ಅಷ್ಟೇ.

ಚಪ್ಪಾಳೆ ಇಲ್ಲ. ಫೋಟೋ ಇಲ್ಲ. ಆದರೂ ನಗರದ ಹೆಸರಿನಲ್ಲಿ ಒಬ್ಬರು ಬಂದು ನೀನು ಇಲ್ಲಿ ಬದುಕಿದ್ದೆ ಅಂತ ಹೇಳುತ್ತಾರೆ. ಇದಕ್ಕೆ ಹುದ್ದೆ ಬೇಕು ಲೆಕ್ಕಿಗ ಅವರೇ. ಯಾಕೆಂದರೆ ಕಚೇರಿ ಯಾರಿಗೋ ಫೋನ್ ಮಾಡಿ 'ಇಂಥವರು ಸತ್ತಿದ್ದಾರೆ, ಗುರುವಾರ ಬೆಳಗ್ಗೆ' ಅಂತ ಹೇಳಬೇಕಲ್ಲ. ಆ ಫೋನ್ ಎತ್ತುವುದಕ್ಕೆ ಒಬ್ಬರು ಇರಬೇಕು. ಅದು ತಾನಾಗಿಯೇ ಆಗುವುದಿಲ್ಲ.

ತುದಿಬೆಂಚು
ಇದು ನನಗೆ ಗೊತ್ತೇ ಇರಲಿಲ್ಲ. ಎರಡು ಸಲ ಓದಿದೆ.

ಸಂಜೆಮೇಷ್ಟ್ರು
ಈ ಮಾತು ಕೇಳಿದ ಮೇಲೆ ಸಮಾರಂಭದ ಆರು ಕವಿತೆ ತುಂಬಾ ಸಣ್ಣದಾಗಿ ಕಾಣುತ್ತಿದೆ.

ಲೆಕ್ಕಿಗ
@ಬೀದಿದೀಪ ಒಪ್ಪಿದೆ. ಪೂರ್ತಿ ಒಪ್ಪಿದೆ. ಇಂಥ ಕೆಲಸಕ್ಕಾದರೆ ದುಡ್ಡು ಕೊಡಿ. ಗೌರವಧನ ಅನ್ನಬೇಡಿ, ಸಂಬಳ ಅನ್ನಿ.

ಪ್ರಾಸಪ್ರಿಯ
ದುಡ್ಡಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಅಮೆರಿಕದಲ್ಲಿ ಅಕಾಡೆಮಿ ಆಫ್ ಅಮೆರಿಕನ್ ಪೊಯೆಟ್ಸ್ ಸಂಸ್ಥೆ 2019ರಿಂದ ನಗರ ಮತ್ತು ರಾಜ್ಯಗಳ ಅಧಿಕೃತ ಕವಿಗಳನ್ನು ಆರಿಸಿ ಸಹಾಯಧನ ಕೊಡುತ್ತಿದೆ. ಒಬ್ಬೊಬ್ಬರಿಗೆ ಕಡಿಮೆ ಅಂದರೂ 50,000 ಡಾಲರ್. ಷರತ್ತು ಒಂದೇ, ಆ ಊರಿನ ಜನರ ಜೊತೆ ಸೇರಿ ಏನಾದರೂ ಕೆಲಸ ಮಾಡಬೇಕು. ಇಂಗ್ಲೆಂಡಿನ ಹಳೇ ಪದ್ಧತಿ ಬೇರೆ. ಅಲ್ಲಿ ರಾಜಮನೆತನದ ಕವಿಗೆ ಚಿಕ್ಕ ಗೌರವಧನ, ಜೊತೆಗೆ ಪೀಪಾಯಿ ತುಂಬಾ ಶೆರ್ರಿ!

ಖಾಲಿಹಾಳೆ
ಆ ಇಂಗ್ಲೆಂಡಿನ ಹುದ್ದೆಯಿಂದಲೂ ಒಂದು ಪಾಠ ಇದೆ. 1843ರಲ್ಲಿ ವರ್ಡ್ಸ್‌ವರ್ತ್‌ಗೆ ಆ ಹುದ್ದೆ ಬಂದಾಗ ವಯಸ್ಸಾಯಿತು, ಬೇಡ ಅಂದರು. ನಿಮ್ಮಿಂದ ಏನೂ ಬರೆಸುವುದಿಲ್ಲ ಅಂತ ಪ್ರಧಾನಿ ಪೀಲ್ ಭರವಸೆ ಕೊಟ್ಟ ಮೇಲೆ ಒಪ್ಪಿದರು. ಇನ್ನೊಂದು ಕಡೆ ಹತ್ತು ವರ್ಷ ಅದೇ ಹುದ್ದೆಯಲ್ಲಿದ್ದ ಆಂಡ್ರ್ಯೂ ಮೋಷನ್, ಅವಧಿ ಮುಗಿಯುವ ಮೊದಲೇ, ತನ್ನ ಬರವಣಿಗೆಗೆ ಅದರಿಂದ ಪೆಟ್ಟಾಯಿತು ಅಂತ 2008ರಲ್ಲಿ ಹೇಳಿಕೊಂಡರು. ಅವರು ಆ ಹತ್ತು ವರ್ಷದಲ್ಲಿ ಮಾಡಿದ ಒಳ್ಳೆಯ ಕೆಲಸ ಅಂದರೆ ಕವಿಗಳೇ ತಮ್ಮ ಕವಿತೆ ಓದುವ ಧ್ವನಿಸಂಗ್ರಹ ಅಂತ ನನ್ನ ಅನಿಸಿಕೆ. 2005ರಲ್ಲಿ ಇನ್ನೊಬ್ಬರ ಜೊತೆ ಸೇರಿ ಶುರು ಮಾಡಿದರು. ಈಗಲೂ ಯಾರು ಬೇಕಾದರೂ ಕೇಳಬಹುದು. ಸಮಾರಂಭಕ್ಕೆ ಬರೆದ ಅವರ ಕವಿತೆ ಎಷ್ಟು ಜನಕ್ಕೆ ನೆನಪಿದೆ?

ವರ್ಷಕ್ಕೆ ಆರು ಅಂತ ಎಣಿಸಬೇಡಿ. ಎಣಿಸಿದರೆ ಆರು ಬರುತ್ತದೆ, ಕವಿತೆ ಬರುತ್ತದೆ ಅಂತ ಹೇಳಲಾಗದು.

ಪ್ರಾಸಪ್ರಿಯ
ಇಲ್ಲ, ಇದನ್ನು ಒಪ್ಪುವುದಿಲ್ಲ. ಕೇಳಿದಾಗ ಬರೆಯುವುದೂ ಒಂದು ವಿದ್ಯೆ. ಬಡಗಿಗೆ ಅಳತೆ ಕೊಟ್ಟರೆ ಬೇಜಾರಾಗುತ್ತಾ? ನಿಂತು ಕೇಳುವ ಸಾವಿರ ಜನಕ್ಕೆ, ಒಂದೇ ಸಲಕ್ಕೆ ಕಿವಿಗೆ ತಲುಪುವ ಹಾಗೆ ಬರೆಯುವುದು ಕಷ್ಟದ ಕೆಲಸ. ಪುಟ ತಿರುಗಿಸಿ ಮತ್ತೆ ಓದುವ ಹಾಗಿಲ್ಲ. ಸಾಲು ಚಿಕ್ಕದಿರಬೇಕು. ಒಂದು ಸಾಲು ಮತ್ತೆ ಮತ್ತೆ ಬರಬೇಕು. ಪ್ರಾಸ ಇದ್ದರೆ ಕಿವಿ ಹಿಡಿದುಕೊಳ್ಳುತ್ತದೆ. ನಮ್ಮ ಹಳಬರು ಎರಡನೇ ಅಕ್ಷರಕ್ಕೆ ಪ್ರಾಸ ಇಟ್ಟರು. ಸಾಲು ಶುರುವಾದ ತಕ್ಷಣ ಕಿವಿಗೆ ಗುರುತು ಸಿಗುತ್ತದೆ.

ನೀಲಿಶಾಯಿ
ಒಂದು ಸಾಲು ಮರಳಿ ಬರಬೇಕು ಅನ್ನುವುದು ನನ್ನ ಅನುಭವವೂ ಹೌದು. ಆದರೆ ಪ್ರಾಸಕ್ಕೆ ಕಟ್ಟುಬಿದ್ದರೆ ಮೈಕಿನಲ್ಲಿ ಜಾಹೀರಾತು ಹಾಗೆ ಕೇಳಿಸುತ್ತದೆ. ಉಸಿರಿನ ಲೆಕ್ಕದಲ್ಲಿ ಸಾಲು ಮುರಿಯಿರಿ. ಗಾಳಿ ಜಾಸ್ತಿ ಇದ್ದರೆ ಸ ಮತ್ತು ಶ ಜಾಸ್ತಿ ಇರುವ ಸಾಲು ಮೈಕಿನಲ್ಲಿ ಹಾಳಾಗುತ್ತದೆ.

ಪ್ರಾಸಪ್ರಿಯ
ಸ, ಶ ವಿಷಯ ಹೊಸದು. ಬರೆದಿಟ್ಟುಕೊಂಡೆ.

ಸಂಜೆಮೇಷ್ಟ್ರು
ಮತ್ತೆ ಕೆಲಸದ ಕಡೆ ಬರೋಣ. ನಗರಕವಿ ತಾನು ಬರೆಯುವುದಕ್ಕಿಂತ ಬೇರೆಯವರಿಂದ ಬರೆಸಿದರೆ, ಓದಿಸಿದರೆ ಜಾಸ್ತಿ ಉಪಯೋಗ. ಸಿಯಾಟಲ್ ನಗರ 2015ರಲ್ಲಿ ಕ್ಲಾಡಿಯಾ ಕಾಸ್ಟ್ರೊ ಲೂನಾ ಅವರನ್ನು ತನ್ನ ನಾಗರಿಕ ಕವಿ ಅಂತ ನೇಮಿಸಿತು. ಅವರು ಊರಿನ ಒಂದು ನಕ್ಷೆ ಮಾಡಿದರು. ಯಾವ ಮೂಲೆಯ ಮೇಲೆ ಒತ್ತಿದರೂ ಆ ಜಾಗದ ಬಗ್ಗೆ ಯಾರೋ ಬರೆದ ಕವಿತೆ ತೆರೆಯುತ್ತದೆ. ಎಲ್ಲವೂ ಹೆಸರಾಂತ ಕವಿಗಳದ್ದಲ್ಲ, ಊರಿನವರದ್ದು. ಇಡೀ ಅಮೆರಿಕದ ಅಧಿಕೃತ ಕವಿಯಾಗಿದ್ದ ರಾಬರ್ಟ್ ಪಿನ್ಸ್‌ಕಿ ದೇಶದ ಮಟ್ಟದಲ್ಲಿ 1997ರಲ್ಲಿ ಇನ್ನೂ ಸರಳವಾದ ಕೆಲಸ ಮಾಡಿದರು. ನಿಮಗೆ ಇಷ್ಟದ ಒಂದು ಕವಿತೆ ಯಾವುದು, ಯಾಕೆ ಅಂತ ಜನರನ್ನು ಕೇಳಿದರು. ಒಂದು ವರ್ಷದಲ್ಲಿ 18,000 ಜನ ಬರೆದು ಕಳಿಸಿದರು.

ನಾನು ತರಗತಿಯಲ್ಲಿ ಇದೇ ಪ್ರಶ್ನೆ ಕೇಳಿದ್ದೇನೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ವರ್ಷವೆಲ್ಲ ಬಾಯಿ ಬಿಡದವನು, ಅಜ್ಜಿ ಹೇಳಿಕೊಟ್ಟ ಒಂದು ಹಾಡು ಪೂರ್ತಿ ಹೇಳಿದ. ಯಾವ ಪುಸ್ತಕದಲ್ಲೂ ನಾನು ಅದನ್ನು ನೋಡಿರಲಿಲ್ಲ.

ಮಳೆಹನಿ
ಮಕ್ಕಳ ನಗರಕವಿಯೂ ಇರಲಿ! ಲಾಸ್ ಏಂಜಲೀಸ್ 2014ರಲ್ಲಿ ಯುವ ನಗರಕವಿ ಅಂತ ಅಮಾಂಡಾ ಗೋರ್ಮನ್ ಅವರನ್ನು ಆರಿಸಿತು. ಆಗ ಅವರಿಗೆ ಹದಿನಾರು. 2021ರಲ್ಲಿ ಅಮೆರಿಕದ ಅಧ್ಯಕ್ಷರ ಪ್ರಮಾಣವಚನದಲ್ಲಿ ಅವರು ಓದಿದ್ದನ್ನು ಇಡೀ ಜಗತ್ತು ನೋಡಿತು. ಟೊರೊಂಟೊ 2001ರಲ್ಲಿ ಮೊದಲ ನಗರಕವಿಯಾಗಿ ಆರಿಸಿದ್ದೇ ಮಕ್ಕಳ ಪದ್ಯಗಳಿಗೆ ಹೆಸರಾದ ಡೆನಿಸ್ ಲೀ ಅವರನ್ನು.

ಹಳೇಪುಟ
ಎಲ್ಲಾ ಸರಿ. ಆದರೆ ಮೂರನೇ ಸಾಲಿಗೆ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ. ಕಷ್ಟದ ಎರಡು ಉದಾಹರಣೆ ಇಡುತ್ತೇನೆ.

ಒಂದು, ಆಂಟ್‌ವರ್ಪ್. 2003ರಿಂದ ನಗರಕವಿಗಳನ್ನು ನೇಮಿಸುತ್ತಾ ಬಂದ ಊರು. 2022ರಲ್ಲಿ ಐದು ಜನರ ಗುಂಪನ್ನೇ ಆರಿಸಿತು. ಅವರಲ್ಲಿ ಒಬ್ಬರಾದ ರೂತ್ ಲಾಸ್ಟರ್ಸ್ ಶಿಕ್ಷಕಿಯೂ ಹೌದು. ಕೈಕೆಲಸದ ಕಲಿಕೆಗೆ ಹೋಗುವ ಮಕ್ಕಳನ್ನು ಸಮಾಜ ಎರಡನೇ ದರ್ಜೆಯವರ ಹಾಗೆ ನೋಡುತ್ತದೆ ಅನ್ನುವುದರ ಬಗ್ಗೆ, ಆ ಮಕ್ಕಳ ಜೊತೆಯೇ ಕೂತು ಒಂದು ಕವಿತೆ ಬರೆದರು. ಇದನ್ನು ನಗರದ ಕವಿತೆ ಅಂತ ಒಪ್ಪುವುದಿಲ್ಲ ಅಂತ ಆಡಳಿತ ಹೇಳಿತು. ಅವರು ರಾಜೀನಾಮೆ ಕೊಟ್ಟರು.

ಎರಡು, ನ್ಯೂಜೆರ್ಸಿ. ಇದು ನಗರ ಅಲ್ಲ, ರಾಜ್ಯ. 2002ರಲ್ಲಿ ಅಲ್ಲಿನ ಅಧಿಕೃತ ಕವಿ ಅಮಿರಿ ಬರಾಕ, ಅವಳಿ ಗೋಪುರಗಳ ಮೇಲಿನ ದಾಳಿಯ ಬಗ್ಗೆ ಬರೆದ ಕವಿತೆಯನ್ನು ಒಂದು ಉತ್ಸವದಲ್ಲಿ ಓದಿದರು. ಇಸ್ರೇಲಿಗಳಿಗೆ ದಾಳಿಯ ವಿಷಯ ಮೊದಲೇ ಗೊತ್ತಿತ್ತು ಅನ್ನುವ ಸುಳ್ಳು ವದಂತಿ ಅದರಲ್ಲಿತ್ತು. ರಾಜೀನಾಮೆ ಕೊಡಿ ಅಂತ ಗವರ್ನರ್ ಕೇಳಿದರು, ಬರಾಕ ಕೊಡಲಿಲ್ಲ. ತೆಗೆದುಹಾಕಲು ಕಾನೂನಿನಲ್ಲಿ ದಾರಿ ಇರಲಿಲ್ಲ. ಕೊನೆಗೆ 2003ರಲ್ಲಿ ಹುದ್ದೆಯನ್ನೇ ರದ್ದು ಮಾಡಿದರು.

ಮೊದಲನೆಯದರಲ್ಲಿ ಕವಿಯ ಪರ ನಿಲ್ಲುವುದು ಸುಲಭ. ಎರಡನೆಯದರಲ್ಲಿ?

ಮಳೆಹನಿ
ಎರಡನೆಯದರಲ್ಲಿ ನಾನು ಕವಿಯ ಪರ ಇಲ್ಲ. ನಗರದ ಹೆಸರು ಹೊತ್ತು ಒಂದು ಸಮುದಾಯದ ಮೇಲೆ ಸುಳ್ಳು ಹೊರಿಸುವ ಹಾಗಿಲ್ಲ. ಆ ಸಮುದಾಯದವರೂ ಅದೇ ಊರಿನವರಲ್ವಾ? ಅವರಿಗೂ ಅವರೇ ಕವಿ.

ಖಾಲಿಹಾಳೆ
ಆದರೆ ಮಳೆಹನಿ, ಒಂದು ಕೆಟ್ಟ ಸಾಲಿಗೆ ಹೆದರಿ ಷರತ್ತು ಬರೆದರೆ ಅದು ಮೊದಲು ಬೀಳುವುದು ರೂತ್ ಲಾಸ್ಟರ್ಸ್ ಥರದವರ ಮೇಲೆ. 'ಗೌರವಕ್ಕೆ ಕುಂದು' ಅಂದರೆ ಏನು ಅಂತ ತೀರ್ಮಾನಿಸುವವರು ಯಾರು? ಕುಂದು ಬಂದವರೇ. ಬರಾಕ ಹೇಳಿದ್ದು ಸುಳ್ಳು ಅಂತ ಗವರ್ನರ್ ಗಟ್ಟಿಯಾಗಿ ಹೇಳಬಹುದಿತ್ತು. ಊರಿನವರು ಹೇಳಬಹುದಿತ್ತು. ಹುದ್ದೆಯನ್ನೇ ತೆಗೆದಾಗ ಮುಂದೆ ಬರಬಹುದಾಗಿದ್ದ ಎಲ್ಲ ಕವಿಗಳಿಗೂ ಶಿಕ್ಷೆಯಾಯಿತು.

ಲೆಕ್ಕಿಗ
ಮಧ್ಯದ ದಾರಿ ಇದೆ. ನಗರ ತನ್ನ ಹೆಸರಿನಲ್ಲಿ ಯಾವುದನ್ನು ಪ್ರಕಟಿಸಬೇಕು ಅಂತ ನಗರವೇ ಆರಿಸಲಿ. ಕವಿ ತನ್ನ ಹೆಸರಿನಲ್ಲಿ ಏನು ಬೇಕಾದರೂ ಬರೆಯಲಿ. ಹುದ್ದೆಯಿಂದ ತೆಗೆಯುವ ಹಾಗಿಲ್ಲ.

ಹಳೇಪುಟ
ಆಂಟ್‌ವರ್ಪ್‌ನಲ್ಲಿ ಆದದ್ದು ಅದೇ ಅಲ್ವಾ? ಯಾರೂ ಅವರನ್ನು ತೆಗೆಯಲಿಲ್ಲ. ಇದು ನಗರದ ಕವಿತೆ ಅಲ್ಲ ಅಂದರು, ಅಷ್ಟೇ. ಅಷ್ಟಕ್ಕೇ ಅವರು ಹೊರಟರು. ನಗರ ಆಯ್ದುಕೊಳ್ಳುವುದಾದರೆ ಕೊನೆಗೆ ಸಿಹಿ ಕವಿತೆಗಳು ಮಾತ್ರ ಗೋಡೆ ಮೇಲೆ ಉಳಿಯುತ್ತವೆ.

ಲೆಕ್ಕಿಗ
ಹಾಗಾದರೆ ಆಯ್ಕೆ ಆಡಳಿತದ ಕೈಯಲ್ಲಿ ಇರಬಾರದು. ಗ್ರಂಥಾಲಯದವರು, ಶಿಕ್ಷಕರು, ಹಿಂದಿನ ನಗರಕವಿಗಳು, ಇಂಥ ಮೂರು ಜನರ ಕೈಗೆ ಕೊಡಿ. ಅವರೂ ಬೇಡ ಅನ್ನಬಹುದು, ಆದರೆ ಕಾರಣವನ್ನು ಬರೆದು ಎಲ್ಲರಿಗೂ ಕಾಣುವ ಹಾಗೆ ಇಡಬೇಕು. ಕವಿತೆಯನ್ನೂ ಅದರ ಪಕ್ಕದಲ್ಲೇ ಇಡಬೇಕು. ಜನ ಎರಡನ್ನೂ ಓದಲಿ.

ಖಾಲಿಹಾಳೆ
ಕವಿತೆ ಪಕ್ಕದಲ್ಲೇ ಕಾರಣ. ಇದು ಚೆನ್ನಾಗಿದೆ. ಹುದ್ದೆಯೇ ಬೇಡ ಅಂದವರಿಂದ ಬಂತು!

ಹಳೇಪುಟ
ಈ ಜಗಳ ಎಷ್ಟು ಹಳೆಯದು ಅಂತ ಹೇಳಿ ನಿಲ್ಲಿಸುತ್ತೇನೆ. ಇಟಲಿಯ ಪಾಡುವಾ ನಗರ 1315ರಲ್ಲಿ ಅಲ್ಬರ್ಟಿನೊ ಮುಸ್ಸಾಟೊ ಎನ್ನುವ ಕವಿಗೆ ಎಲೆಗಳ ಕಿರೀಟ ಇಟ್ಟಿತು. ರೋಮ್‌ನಲ್ಲಿ ಪೆಟ್ರಾರ್ಕ್‌ಗೆ ಕಿರೀಟ ಸಿಕ್ಕಿದ್ದು 1341ರಲ್ಲಿ. ಅಂದರೆ ಮುಸ್ಸಾಟೊಗೆ ಸಿಕ್ಕಿದ್ದು ಅದಕ್ಕಿಂತ 26 ವರ್ಷ ಮೊದಲು. ಮುಸ್ಸಾಟೊ ಬರೆದದ್ದು ಊರನ್ನು ಹಿಂದೆ ಆಳಿದ ಒಬ್ಬ ಕ್ರೂರಿಯ ಬಗ್ಗೆ ನಾಟಕ. ಪಕ್ಕದ ಊರಿನ ಒಡೆಯ ನಿಮ್ಮ ಮೇಲೆ ಕಣ್ಣಿಟ್ಟಿದ್ದಾನೆ, ಹಳೆಯದನ್ನು ಮರೆಯಬೇಡಿ ಅಂತ ಊರಿಗೆ ಎಚ್ಚರಿಕೆ. ಊರು ಮೆಚ್ಚಿತು, ಪ್ರತಿ ವರ್ಷ ಅದನ್ನು ಎಲ್ಲರೆದುರು ಓದಬೇಕು ಅಂತ ಹೇಳಿತು. ಆಮೇಲೆ ಅಧಿಕಾರ ಕೈ ಬದಲಾಯಿತು. ಮುಸ್ಸಾಟೊ 1329ರಲ್ಲಿ ಸತ್ತದ್ದು ಊರಿನಿಂದ ಹೊರಗೆ, ಗಡೀಪಾರಾಗಿ.

ಬೀದಿದೀಪ
ಕಿರೀಟ ಇಟ್ಟದ್ದೂ ಅದೇ ಊರು, ಹೊರಗೆ ಹಾಕಿದ್ದೂ ಅದೇ ಊರು.

ಪ್ರಾಸಪ್ರಿಯ
ಡ್ರೈಡನ್‌ಗೂ ಹೀಗೇ ಆಯಿತು. 1668ರಲ್ಲಿ ಇಂಗ್ಲೆಂಡಿನ ಮೊದಲ ಅಧಿಕೃತ ಕವಿ. 1688ರಲ್ಲಿ ರಾಜ ಬದಲಾದ. ಹೊಸಬರಿಗೆ ಪ್ರಮಾಣ ಮಾಡಲು ಅವರು ಒಪ್ಪಲಿಲ್ಲ, ಹುದ್ದೆ ಹೋಯಿತು. ಅದಕ್ಕೇ ನಿಯಮದಲ್ಲಿ ಇನ್ನೊಂದು ಸೇರಿಸಿ. ಆಡಳಿತ ಬದಲಾದರೂ ಕವಿಯ ಅವಧಿ ಮುಗಿಯುವವರೆಗೆ ಮುಟ್ಟಬಾರದು.

ತುದಿಬೆಂಚು
ಎಲ್ಲರಿಗೂ ಥ್ಯಾಂಕ್ಸ್. ಎರಡು ರಾತ್ರಿ ಕೂತು ಬರೆದೆ. ಹೊಸ ಕರಡು ಹೀಗಿದೆ, ತಪ್ಪಿದ್ದರೆ ಹೇಳಿ.

ನಗರಕವಿಯ ಅವಧಿ ಎರಡು ವರ್ಷ. ಆಡಳಿತ ಬದಲಾದರೂ ಅವಧಿ ಬದಲಾಗದು. ಕವಿತೆಗಳ ಸಂಖ್ಯೆ ಇಲ್ಲ. ಸಮಾರಂಭಕ್ಕೆ ಕರೆದಾಗ ಬರುವುದು, ಬಿಡುವುದು ಕವಿಗೆ ಸೇರಿದ್ದು. ಬಂದರೆ ಕವಿತೆಯನ್ನು ಪೂರ್ತಿ ಓದಲು ಬಿಡಬೇಕು. ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ ಜನರಿಂದ ಕವಿತೆ ಬರೆಸುವುದು, ಅವರಿಗೆ ಗೊತ್ತಿರುವ ಹಾಡುಗಳನ್ನು ಕೂಡಿಸುವುದು ಮುಖ್ಯ ಕೆಲಸ. ಅನಾಥ ಶವಗಳ ಅಂತ್ಯಕ್ರಿಯೆಯ ಸುದ್ದಿಯನ್ನು ಕಚೇರಿ ಕವಿಗೆ ತಿಳಿಸಬೇಕು, ಕವಿ ಅಥವಾ ಕವಿ ಕಳಿಸಿದ ಇನ್ನೊಬ್ಬರು ಹೋಗಿ ಓದಬೇಕು. ನಗರದ ಹೆಸರಿನಲ್ಲಿ ಒಂದು ಕವಿತೆ ಬೇಡ ಎನ್ನುವುದಾದರೆ ಮೂರು ಜನರ ಸಮಿತಿ ಕಾರಣವನ್ನು ಕವಿತೆಯ ಪಕ್ಕದಲ್ಲೇ ಪ್ರಕಟಿಸಬೇಕು. ಮೂರನೇ ಸಾಲು ತೆಗೆದಿದ್ದೇನೆ. ಅದನ್ನು ಉಳಿಸಬೇಕು ಅಂತ ಹಟ ಹಿಡಿದರೆ ನಾನು ಸಮಿತಿಯಲ್ಲಿ ಇರುವುದಿಲ್ಲ ಅಂತಲೂ ಹೇಳಲಿದ್ದೇನೆ.

ಲೆಕ್ಕಿಗ
ಸಂಬಳ ಎಲ್ಲಿ? ಅದು ಬಿಟ್ಟುಹೋಗಿದೆ. ತಿಂಗಳಿಗೆ ಅಂತ ಬರೆಯಿರಿ, ಸಮಾರಂಭಕ್ಕೆ ಇಷ್ಟು ಅಂತ ಬೇಡ.

ನೀಲಿಶಾಯಿ
'ಕರೆದಾಗ ಬರುವುದು, ಬಿಡುವುದು ಕವಿಗೆ ಸೇರಿದ್ದು.' ಈ ಸಾಲಿಗೆ ಧನ್ಯವಾದ.

ಮಳೆಹನಿ
ಯುವ ನಗರಕವಿ?

ತುದಿಬೆಂಚು
@ಲೆಕ್ಕಿಗ ಸೇರಿಸುತ್ತೇನೆ. @ಮಳೆಹನಿ ಈ ಸಲಕ್ಕೆ ಆಗದು, ಎರಡನೇ ವರ್ಷಕ್ಕೆ ಅಂತ ಟಿಪ್ಪಣಿ ಹಾಕಿದ್ದೇನೆ.

ಬೀದಿದೀಪ
ಒಂದೇ ಒಂದು ತಿದ್ದುಪಡಿ. 'ಅನಾಥ ಶವ' ಅಂತ ಬರೆಯಬೇಡಿ. 'ಯಾರೂ ಬರದ ಅಂತ್ಯಕ್ರಿಯೆ' ಅಂತ ಬರೆಯಿರಿ. ಅನಾಥ ಅಂತ ನಾವು ಹೇಗೆ ಹೇಳುವುದು? ಅವರಿಗೆ ಒಂದು ಕಾಲದಲ್ಲಿ ಯಾರೋ ಇದ್ದರು.

ತುದಿಬೆಂಚು
ತಿದ್ದಿದೆ.